ಸಮರ್ಕಂದ್‌ನಲ್ಲಿ ಎಷ್ಟು ರಾತ್ರಿ?

ಟೂರ್ ಕಂಪನಿಯ ಕರಪತ್ರ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಸ್ಥಳಗಳ ಪಟ್ಟಿಯ ಮೇಲೆ ಹೋಗುತ್ತದೆ. ಪಟ್ಟಿ ಉದ್ದವಿದ್ದಷ್ಟೂ ಕೊಟ್ಟ ದುಡ್ಡು ಸಾರ್ಥಕ ಅನ್ನಿಸುತ್ತದೆ. ಫೋನು ಮಾಡಿ ವಿಚಾರಿಸುವವರಿಗೆ ನಾನು ಹೇಳುವುದು ಬೇರೆ. ಪಟ್ಟಿಯನ್ನು ಬದಿಗಿಡಿ, ಯಾವ ಊರಿನಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಎಂಬುದನ್ನು ಎಣಿಸಿ. ಹಳೆಯ ಊರೊಂದು ನಿಮಗೆ ಸಿಕ್ಕಿತೋ ಇಲ್ಲವೋ ಎನ್ನುವುದು ಆ ಎಣಿಕೆಯಲ್ಲಿದೆ.

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನು ಕನ್ನಡದ ತಂಡಗಳ ಜೊತೆ ಟೂರ್ ಮ್ಯಾನೇಜರ್ ಆಗಿ ಹೋಗುತ್ತಿದ್ದೇನೆ. ಇತ್ತೀಚೆಗೆ ಹೆಚ್ಚಾಗಿ ಹೋಗುತ್ತಿರುವುದು ಉಜ್ಬೇಕಿಸ್ತಾನಕ್ಕೆ: ತಾಷ್ಕೆಂಟ್, ಸಮರ್ಕಂದ್, ಬುಖಾರಾ, ಸಮಯವಿದ್ದರೆ ಖೀವಾ. ದೆಹಲಿಯಿಂದ ವಿಮಾನದಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮಾತ್ರ ಹಿಂದೆ. ಯುರೋಪಿನಷ್ಟು ಖರ್ಚಿಲ್ಲ, ವೀಸಾ ಮನೆಯಲ್ಲಿ ಕುಳಿತೇ ಆಗುತ್ತದೆ. ಹಾಗಾಗಿ ಮೊದಲ ಸಲ ವಿದೇಶಕ್ಕೆ ಹೊರಟ ದಾವಣಗೆರೆಯ ದಂಪತಿ, ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿ, ಮಗಳ ಮದುವೆ ಮುಗಿಸಿ ನಿರಾಳವಾದ ಹುಬ್ಬಳ್ಳಿಯ ಅಕ್ಕತಂಗಿಯರು, ಹೀಗೆ ಎಲ್ಲ ಬಗೆಯವರೂ ಈ ಬಸ್ಸಿನಲ್ಲಿ ಕೂರುತ್ತಾರೆ. ಅವರ ತಲೆ ಎಣಿಸುವುದು, ಕೋಣೆಯ ಕೀಲಿ ಹಂಚುವುದು, ಸ್ಥಳೀಯ ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ನಮ್ಮಲ್ಲಿ ಮಾರಾಟವಾಗುವ ಅನೇಕ ಪ್ಯಾಕೇಜುಗಳಲ್ಲಿ ಎಲ್ಲ ರಾತ್ರಿಗಳೂ ತಾಷ್ಕೆಂಟಿನಲ್ಲೇ ಇರುತ್ತವೆ. ಒಂದು ದಿನ ಚಿಮ್ಗಾನ್ ಬೆಟ್ಟ, ಒಂದು ದಿನ ಮಾರ್ಕೆಟ್ಟು, ಒಂದು ದಿನ ಸಮರ್ಕಂದ್. ತಾಷ್ಕೆಂಟಿನಿಂದ ಸಮರ್ಕಂದ್‌ಗೆ ಅಫ್ರಾಸಿಯಾಬ್ ಎಂಬ ವೇಗದ ರೈಲಿದೆ. 2011ರಲ್ಲಿ ಶುರುವಾದ, ಸ್ಪೇನಿನಲ್ಲಿ ತಯಾರಾದ ಗಾಡಿ. 344 ಕಿಲೋಮೀಟರನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಹತ್ತರ ಹೊತ್ತಿಗೆ ಇಳಿದು ಸಂಜೆ ಮತ್ತೆ ಹತ್ತಬೇಕು. ಮಧ್ಯೆ ಊಟಕ್ಕೆ ಒಂದು ಗಂಟೆ, ಬಸ್ಸು ಹತ್ತಿ ಇಳಿಯಲು ಒಂದು ಗಂಟೆ. ಉಳಿದದ್ದರಲ್ಲಿ ಗೂರ್ ಅಮೀರ್, ರೆಗಿಸ್ತಾನ್, ಬೀಬಿ ಖಾನಂ ಮಸೀದಿ, ಸಿಯಾಬ್ ಬಜಾರು, ಶಾಹಿ ಜಿಂದಾ, ಉಲುಘ್ ಬೇಗನ ವೀಕ್ಷಣಾಲಯ. ಎಲ್ಲವನ್ನೂ ತೋರಿಸಿದ್ದೇವೆ ಎಂದು ಕಂಪನಿ ಹೇಳಿದರೆ ಅದು ಸುಳ್ಳಲ್ಲ. ಆದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ, ಗಡಿಯಾರ ನೋಡುತ್ತಾ, ಗೈಡ್ ಹಿಡಿದ ಬಾವುಟದ ಹಿಂದೆ ಓಡಿದ್ದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ರೆಗಿಸ್ತಾನ್ ನೋಡಬೇಕಾದದ್ದು ಸಂಜೆ. ಮೂರು ಕಡೆ ಮೂರು ಮದರಸಾ, ನಡುವೆ ವಿಶಾಲ ಅಂಗಳ. ಎಡಗಡೆಯದು ರಾಜ ಉಲುಘ್ ಬೇಗ್ ಕಟ್ಟಿಸಿದ್ದು, 1417ರಿಂದ 1420ರ ನಡುವೆ. ಎದುರಿಗೆ ಬಲಗಡೆ ಶೇರ್ ದೋರ್, ಇನ್ನೂರು ವರ್ಷ ತಡವಾಗಿ, 1619ರಿಂದ 1636ರವರೆಗೆ ಎದ್ದದ್ದು. ಅದರ ಹಣೆಯ ಮೇಲೆ ಹುಲಿಯಂಥ ಎರಡು ಪ್ರಾಣಿಗಳು ಬಿಳಿ ಜಿಂಕೆಯ ಬೆನ್ನಟ್ಟಿವೆ, ಅವುಗಳ ಬೆನ್ನ ಹಿಂದೆ ಮನುಷ್ಯಮುಖದ ಸೂರ್ಯ. ಮದರಸೆಯ ಮೇಲೆ ಪ್ರಾಣಿಯ ಚಿತ್ರ, ಮನುಷ್ಯನ ಮುಖ ಹೇಗೆ ಬಂತು ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ ಅದು. ನಡುವಿನದು ತಿಲ್ಯಾ ಕೋರಿ, 1660ರ ಹೊತ್ತಿಗೆ ಮುಗಿದದ್ದು, ಒಳಗೆ ಮಸೀದಿಯ ಛಾವಣಿಯೆಲ್ಲ ಬಂಗಾರದ ಲೇಪ. ಕಟ್ಟಿದ ಕಾಲದಲ್ಲಿ ಇಷ್ಟೊಂದು ಅಂತರವಿದ್ದರೂ ಮೂರೂ ಒಂದೇ ಉಸಿರಿನಲ್ಲಿ ಎದ್ದವೇನೋ ಅನ್ನುವಷ್ಟು ಹೊಂದಿಕೊಂಡಿವೆ. ಬಿಸಿಲು ಇಳಿದಂತೆ ಹೆಂಚುಗಳ ನೀಲಿ ಬದಲಾಗುತ್ತಾ ಹೋಗುತ್ತದೆ. ಮಧ್ಯಾಹ್ನ ಕಣ್ಣು ಕುಕ್ಕುವ ಆಕಾಶನೀಲಿ, ಐದರ ಹೊತ್ತಿಗೆ ಹಸಿರು ಬೆರೆತದ್ದು, ದೀಪ ಹಚ್ಚುವ ಮುಂಚೆ ಶಾಯಿಯ ಬಣ್ಣ. ಹುಬ್ಬಳ್ಳಿಯ ಅಕ್ಕತಂಗಿಯರಲ್ಲಿ ದೊಡ್ಡವರು ಅಂಗಳದ ಎದುರಿನ ಮೆಟ್ಟಿಲ ಮೇಲೆ ಕುಳಿತವರು ಏಳಲೇ ಇಲ್ಲ. "ಮೇಡಮ್ಮಾರ, ಇನ್ನೊಂದು ತಾಸು ಕುಂದ್ರೋಣಲ್ರಿ, ಊಟದ ಮನಿ ಓಡಿ ಹೊಕ್ಕೇತೇನ?" ಎಂದರು. ಆ ತಂಡಕ್ಕೆ ಸಮರ್ಕಂದ್‌ನಲ್ಲಿ ತಂಗುವ ಏರ್ಪಾಡಿತ್ತು, ಆದ್ದರಿಂದ ಕುಳಿತೆವು. ಅದೇ ಹೊತ್ತಿಗೆ ಬೇರೊಂದು ಭಾರತೀಯ ತಂಡ ಸ್ಟೇಷನ್ನಿಗೆ ಓಡುತ್ತಿತ್ತು.

ನಾನು ಬೀದರಿನವಳು. ರೆಗಿಸ್ತಾನಿನ ಎಡಗಡೆಯ ಮದರಸೆಯ ಎದುರು ನಿಂತಾಗ ನನಗೆ ಆಗುವುದನ್ನು ಬೀದರಿನವರಿಗೆ ವಿವರಿಸಬೇಕಾಗಿಲ್ಲ. ಬೀದರಿನ ಪೇಟೆಯ ನಡುವೆ, ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಗವಾನ್. ತೈಮೂರನ ವಂಶದವರು ಸಮರ್ಕಂದ್, ಹೆರಾತ್‌ಗಳಲ್ಲಿ ಕಟ್ಟಿಸುತ್ತಿದ್ದ ಮಾದರಿಯಲ್ಲೇ ಅವನು 1472ರಲ್ಲಿ ಇದನ್ನು ಕಟ್ಟಿಸಿದ. ನಡುವೆ ಚೌಕ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಮುಖಕ್ಕೆ ಮಿನಾರುಗಳು, ಮೈಗೆ ಬಣ್ಣದ ಹೆಂಚು. ಉಲುಘ್ ಬೇಗನ ಮದರಸೆಗೂ ಇದಕ್ಕೂ ನಡುವಿನ ಅಂತರ ಐವತ್ತು ವರ್ಷ ಚಿಲ್ಲರೆ, ಅಷ್ಟೆ. 1481ರಲ್ಲಿ ಒಡೆಯನೇ ಸಂಶಯಪಟ್ಟು ಗವಾನನನ್ನು ಕೊಲ್ಲಿಸಿದ. 1696ರಲ್ಲಿ ಮದ್ದು ಸ್ಫೋಟಿಸಿ ಕಟ್ಟಡದ ಮುಂಭಾಗದ ದೊಡ್ಡ ತುಂಡು ಹಾರಿಹೋಯಿತು. ಈಗ ಉಳಿದಿರುವುದು ಒಂದು ಮಿನಾರು, ಮೂರು ಅಂತಸ್ತಿನ ಗೋಡೆ, ಅಲ್ಲಲ್ಲಿ ಅಂಟಿಕೊಂಡ ನೀಲಿ.

ಬೀದರಿನ ಮದರಸೆ ಮುರಿದಂತೆಯೇ ನಿಂತಿದೆ, ಸಮರ್ಕಂದ್‌ನದು ಸಂಪೂರ್ಣವಾಗಿ ಎದ್ದು ನಿಂತಿದೆ. ಈ ವ್ಯತ್ಯಾಸವನ್ನು ನಾನು ಬಸ್ಸಿನಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಳೆಯುವ ಹೆಂಚುಗಳನ್ನೆಲ್ಲ ಆರುನೂರು ವರ್ಷ ಹಳೆಯವು ಎಂದೇ ಜನ ನಂಬಿ ಬರುತ್ತಾರೆ. ಅಲ್ಲಿ ನಾವು ನೋಡುವುದರಲ್ಲಿ ಬಹಳಷ್ಟು ಇಪ್ಪತ್ತನೆಯ ಶತಮಾನದ ಕೆಲಸ. ಬೀಬಿ ಖಾನಂ ಮಸೀದಿ 1897ರ ಭೂಕಂಪದಲ್ಲಿ ಕುಸಿದಿತ್ತು. ಸೋವಿಯತ್ ಕಾಲದ ಕೊನೆಯ ದಶಕಗಳಲ್ಲಿ ಅದನ್ನು ಮತ್ತೆ ಎತ್ತಲಾಯಿತು. ಉಲುಘ್ ಬೇಗ್ ಮದರಸೆಯ ವಾಲಿದ ಮಿನಾರನ್ನು 1932ರಲ್ಲಿ ಎಂಜಿನಿಯರುಗಳು ನೆಟ್ಟಗೆ ಮಾಡಿದರು. ತಿಲ್ಯಾ ಕೋರಿಯ ಬಂಗಾರವೂ ಹಾಗೆಯೇ ಮತ್ತೆ ಹಚ್ಚಿದ್ದು. ರಷ್ಯಾದ ಪ್ರೊಕುದಿನ್ ಗೋರ್ಸ್ಕಿ 1911ರಲ್ಲಿ ಸಮರ್ಕಂದ್‌ನ ಬಣ್ಣದ ಛಾಯಾಚಿತ್ರಗಳನ್ನು ತೆಗೆದಿದ್ದಾನೆ. ಹೊರಡುವ ಮುಂಚೆ ಅವನ್ನು ನೋಡಿಕೊಂಡು ಬನ್ನಿ. ಹೆಂಚು ಉದುರಿದ ಗುಮ್ಮಟ, ಬಿರುಕು ಬಿಟ್ಟ ಕಮಾನು ಕಂಡಮೇಲೆ ಈಗಿನದನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಹಳೆಯ ಕೈಕೆಲಸವನ್ನೇ ನೋಡಬೇಕೆಂದರೆ ಶಾಹಿ ಜಿಂದಾಕ್ಕೆ ಹೆಚ್ಚು ಸಮಯ ಕೊಡಬೇಕು. ಅದೊಂದು ಗೋರಿಗಳ ಓಣಿ. ಅಲ್ಲಿ ತೈಮೂರನ ಅಕ್ಕನ ಮಗಳು ಶಾದಿ ಮುಲ್ಕಳ ಗೋರಿಯ ಒಳಗೋಡೆಗಳಲ್ಲಿ ಹದಿನಾಲ್ಕನೆಯ ಶತಮಾನದ ಕೆತ್ತಿದ ಹೆಂಚುಗಳು ಇವತ್ತಿಗೂ ಉಳಿದಿವೆ. ಹೊಸ ಹೆಂಚಿನ ನುಣುಪು ಅವಕ್ಕಿಲ್ಲ. ಬೆರಳು ಆಡಿಸಬೇಕು ಅನ್ನಿಸುತ್ತದೆ, ಆಡಿಸಬಾರದು.

ಆ ಓಣಿ ಹತ್ತಲು ಕಡಿದಾದ ಮೆಟ್ಟಿಲುಗಳಿವೆ. ಹತ್ತುವಾಗ ಎಣಿಸಿದ್ದೂ ಇಳಿಯುವಾಗ ಎಣಿಸಿದ್ದೂ ಒಂದೇ ಆದರೆ ಪಾಪವಿಲ್ಲದವರು ಎಂದು ಅಲ್ಲಿಯ ಜನ ಹೇಳುತ್ತಾರೆ. ಮೊಣಕಾಲು ನೋವಿನವರಿಗೆ ಎಣಿಕೆಯ ಯೋಚನೆ ಬೇಡ, ಕೈ ಹಿಡಿಯಲು ಒಬ್ಬರಿದ್ದರೆ ಸಾಕು. ಕರಪತ್ರಗಳು ಇದನ್ನು ಬರೆಯುವುದಿಲ್ಲ. ರೆಗಿಸ್ತಾನ್ ಸಮತಟ್ಟು, ಶಾಹಿ ಜಿಂದಾ ಮೆಟ್ಟಿಲು, ಬುಖಾರಾದ ಹಳೆಯ ಪೇಟೆಯೊಳಗೆ ದೊಡ್ಡ ಬಸ್ಸು ಬರುವುದಿಲ್ಲ, ಖೀವಾದ ಕೋಟೆಯೊಳಗೆ ನಡೆದೇ ತಿರುಗಬೇಕು. ದಿನಕ್ಕೆ ಎಂಟು ಹತ್ತು ಸಾವಿರ ಹೆಜ್ಜೆ ಆಗುತ್ತದೆ ಎಂದುಕೊಂಡು ಹೊರಡುವ ಒಂದು ತಿಂಗಳ ಮುಂಚೆಯಿಂದ ನಡಿಗೆ ಅಭ್ಯಾಸ ಮಾಡಿಕೊಳ್ಳಿ. ಹೊಸ ಬೂಟು ಪ್ರವಾಸಕ್ಕೆಂದೇ ಕೊಂಡು ಅಲ್ಲೇ ಮೊದಲ ಸಲ ಹಾಕುವುದು ಬೇಡ.

ಉಲುಘ್ ಬೇಗನ ವೀಕ್ಷಣಾಲಯದ ಎದುರು ಕೆಲವರು ನಿರಾಶರಾಗುತ್ತಾರೆ. ನೆಲದೊಳಗೆ ಕೊರೆದ ಒಂದು ಕಮಾನಿನ ತುಂಡು ಮಾತ್ರ ಅಲ್ಲಿದೆ. ಆದರೆ ಅದು ಸುಮಾರು 40 ಮೀಟರ್ ತ್ರಿಜ್ಯದ, ನಕ್ಷತ್ರ ಅಳೆಯುವ ಉಪಕರಣದ ತಳಭಾಗ. ದೂರದರ್ಶಕ ಇಲ್ಲದ ಕಾಲದಲ್ಲಿ ಈ ರಾಜ ತನ್ನ ಪಂಡಿತರ ಜೊತೆ ಕೂತು 1018 ನಕ್ಷತ್ರಗಳ ಸ್ಥಾನವನ್ನು ಗುರುತಿಸಿದ; 1437ರಲ್ಲಿ ಆ ಕೋಷ್ಟಕ ಸಿದ್ಧವಾಯಿತು. ಹನ್ನೆರಡು ವರ್ಷದ ಮೇಲೆ ಅವನ ಮಗನೇ ಅವನನ್ನು ಕೊಲ್ಲಿಸಿದ. ಆಮೇಲೆ ವೀಕ್ಷಣಾಲಯ ಹಾಳುಬಿದ್ದು ಮಣ್ಣಿನಲ್ಲಿ ಮುಚ್ಚಿಹೋಯಿತು. 1908ರಲ್ಲಿ ವ್ಯಾಟ್ಕಿನ್ ಎಂಬ ರಷ್ಯನ್ ವಿದ್ವಾಂಸ ಅಗೆದು ತೆಗೆದ. ಅವನ ಸಮಾಧಿಯೂ ಅಲ್ಲೇ ಪಕ್ಕದಲ್ಲಿದೆ. ಜೈಪುರದ ಜಂತರ್ ಮಂತರ್ ನೋಡಿದವರಿಗೆ ಇಲ್ಲಿ ಇನ್ನೊಂದು ಎಳೆ ಸಿಗುತ್ತದೆ. ಸವಾಯಿ ಜಯಸಿಂಗನ ಖಗೋಳ ಕೋಷ್ಟಕಕ್ಕೆ ಉಲುಘ್ ಬೇಗನ ಕೋಷ್ಟಕವೇ ಮಾದರಿಯಾಗಿತ್ತು. ಇಷ್ಟು ಹೇಳಿದರೆ ಸಾಕು, ಆ ತುಂಡು ಕಮಾನಿನ ಮುಂದೆ ಜನ ಸುಮ್ಮನೆ ನಿಲ್ಲುತ್ತಾರೆ. ಗೈಡ್ ಬೇಕು ಎನ್ನುವುದು ಇಂಥ ಕಡೆಗಳಿಗೆ. ಚೆಂದದ ಕಟ್ಟಡ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ, ಬರಿಯ ಗುಂಡಿಗೆ ಮಾತು ಬೇಕು.

ಗೈಡ್ ಹೇಳುವ ಇತಿಹಾಸ ಆ ದೇಶದ ಇತಿಹಾಸ ಎನ್ನುವುದನ್ನೂ ನೆನಪಿಟ್ಟುಕೊಂಡು ಹೋಗಬೇಕು. ತಾಷ್ಕೆಂಟಿನ ನಡುಮಧ್ಯೆ, ಹಿಂದೆ ಕಾರ್ಲ್ ಮಾರ್ಕ್ಸ್ ಇದ್ದ ಜಾಗದಲ್ಲಿ, ಕುದುರೆ ಏರಿದ ತೈಮೂರನ ಪ್ರತಿಮೆ ಇದೆ. 1991ರಲ್ಲಿ ಸ್ವತಂತ್ರವಾದ ಉಜ್ಬೇಕಿಸ್ತಾನಕ್ಕೆ ಅವನು ರಾಷ್ಟ್ರಪುರುಷ. ನಮಗೆ ಅವನು 1398ರ ಡಿಸೆಂಬರಿನಲ್ಲಿ ದೆಹಲಿಯನ್ನು ಸೂರೆಗೈದು ಜನರನ್ನು ಕೊಂದವನು. ಗೂರ್ ಅಮೀರ್‌ನಲ್ಲಿ ಅವನ ಗೋರಿಯ ಮೇಲಿನ ಕಡುಹಸಿರು ಕಲ್ಲಿನ ಎದುರು ಶಿವಮೊಗ್ಗದ ಬ್ಯಾಂಕ್ ಅಧಿಕಾರಿ ನೇರವಾಗಿ ಕೇಳಿದರು: "ಮೇಡಂ, ಇವನಿಗೆ ನಾವ್ಯಾಕೆ ಟಿಕೆಟ್ ತಗೊಂಡು ತಲೆ ಬಾಗಿಸಬೇಕು?" ತಲೆ ಬಾಗಿಸಬೇಕಾಗಿಲ್ಲ, ನೋಡಬೇಕು ಎಂದೆ. ದೆಹಲಿಯಿಂದ ಮರಳಿದ ವರ್ಷವೇ, 1399ರಲ್ಲಿ, ಅವನು ಬೀಬಿ ಖಾನಂ ಮಸೀದಿಗೆ ಕೈ ಹಾಕಿದ. ಕಲ್ಲು ಎಳೆಯಲು ಹಿಂದೂಸ್ತಾನದ ಆನೆಗಳು ಬಂದವು. ಅಲ್ಲಿ ದುಡಿದ ಕಲ್ಲುಕುಟಿಗರಲ್ಲಿ ಹಿಂದೂಸ್ತಾನದಿಂದ ಒಯ್ದವರೂ ಇದ್ದರೆಂದು ಅವನ ವಂಶದವನೇ ಆದ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಕಟ್ಟಡದಲ್ಲಿ ಹೆಸರಿಲ್ಲದ ನಮ್ಮವರ ಬೆವರಿದೆ. ಅದನ್ನು ಅಲ್ಲಿಯ ಗೈಡ್ ಹೇಳದಿದ್ದರೂ ನಾನು ಹೇಳುತ್ತೇನೆ. ಗೈಡ್ ಜೊತೆ ಜಗಳಕ್ಕೆ ನಿಲ್ಲುವುದು ಬೇಡ, ಪ್ರಶ್ನೆ ಕೇಳಿ. ಒಳ್ಳೆಯ ಗೈಡ್ ಪ್ರಶ್ನೆಗೆ ಹಿಗ್ಗುತ್ತಾನೆ.

ತಂಡದ ಗಾತ್ರದ ಬಗ್ಗೆಯೂ ಕೇಳಿಕೊಳ್ಳಿ. ಇಪ್ಪತ್ತು ಇಪ್ಪತ್ತೈದು ಜನರವರೆಗೆ ಎಲ್ಲವೂ ಸಲೀಸು. ನಲವತ್ತಾದರೆ ಬಸ್ಸಿನಿಂದ ಇಳಿಯುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ, ಹಿಂದಿನ ಸಾಲಿನವರಿಗೆ ಗೈಡಿನ ದನಿ ಕೇಳುವುದಿಲ್ಲ. ಕಿವಿಗೆ ಹಾಕಿಕೊಂಡು ಕೇಳುವ ಚಿಕ್ಕ ಸಾಧನವನ್ನು ಕೊಡುತ್ತಾರೆಯೇ ಎಂದು ವಿಚಾರಿಸಿ. ವಯಸ್ಸಾದವರಿಗೆ ಅದರಿಂದ ಬಹಳ ಅನುಕೂಲ, ಗೈಡಿಗೆ ಒತ್ತಿಕೊಂಡು ನಿಲ್ಲದೆ ನೆರಳಿನಲ್ಲಿ ಕೂತೇ ಕೇಳಬಹುದು. ಬಸ್ಸಿನ ಮುಂದಿನ ಸೀಟನ್ನು ದಿನಕ್ಕೊಬ್ಬರಂತೆ ಬದಲಿಸುವ ಪದ್ಧತಿ ನನ್ನದು. ತಂಡಗಳಲ್ಲಿ ಮನಸ್ತಾಪ ಶುರುವಾಗುವುದು ಆ ಸೀಟಿನಿಂದ ಅಥವಾ ತಡವಾಗಿ ಬರುವವರಿಂದ. ಒಂಬತ್ತಕ್ಕೆ ಎಂದರೆ ಒಂಬತ್ತಕ್ಕೆ ಬಸ್ಸಿನಲ್ಲಿ ಇರಬೇಕು. ಒಬ್ಬರ ಹದಿನೈದು ನಿಮಿಷ ಎಂದರೆ ತಂಡದ ಎಲ್ಲರ ಹದಿನೈದು ನಿಮಿಷ, ಅದು ಯಾವುದೋ ಮಸೀದಿಯ ಅಂಗಳದಿಂದ ಕಳೆದುಹೋಗುವ ಸಮಯ.

ಅಂಗಡಿ ಭೇಟಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ರತ್ನಗಂಬಳಿ, ರೇಷ್ಮೆ, ಪಿಂಗಾಣಿ ಅಂಗಡಿಗಳಿಗೆ ತಂಡವನ್ನು ಕರೆದೊಯ್ದರೆ ಕಮಿಷನ್ ಸಿಗುವ ಪದ್ಧತಿ ಜಗತ್ತಿನ ಎಲ್ಲ ಪ್ರವಾಸಿ ಊರುಗಳಲ್ಲೂ ಇದೆ. ಅದಕ್ಕಾಗಿ ಸ್ಮಾರಕದ ಸಮಯ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗಾದರೆ ನೀವೂ ಬಾಯಿಬಿಟ್ಟು ಹೇಳಬೇಕು. ಆದರೆ ಸಮರ್ಕಂದ್‌ನ ಹೊರವಲಯದ ಕೋನಿಗಿಲ್ ಎಂಬ ಹಳ್ಳಿಗೆ ಕರೆದೊಯ್ದರೆ ಸಂತೋಷದಿಂದ ಹೋಗಿ. ಅಲ್ಲಿ ಹಿಪ್ಪುನೇರಳೆ ಗಿಡದ ತೊಗಟೆಯನ್ನು ಸುಲಿದು, ಬೇಯಿಸಿ, ನೀರಿನ ಚಕ್ರದಿಂದ ಕುಟ್ಟಿ, ಕಾಗದ ಮಾಡುವುದನ್ನು ಕಣ್ಣೆದುರೇ ನೋಡಬಹುದು. ಒಂದು ಕಾಲದಲ್ಲಿ ಮುಸ್ಲಿಂ ಜಗತ್ತಿಗೆಲ್ಲ ಸಮರ್ಕಂದ್ ಕಾಗದಕ್ಕೆ ಹೆಸರಾದ ಊರು.

ಊಟದ ಚಿಂತೆ ಎಲ್ಲರದೂ. ಉಜ್ಬೇಕ್ ಅಡುಗೆಯಲ್ಲಿ ಮಾಂಸ ಪ್ರಧಾನ. ಅವರ ಹೆಸರಾಂತ ಪ್ಲೋವ್ ಅನ್ನದಲ್ಲಿ ಕುರಿ ಅಥವಾ ದನದ ಮಾಂಸವಿರುತ್ತದೆ. ಮಾಂಸದ ತುಂಡು ತೆಗೆದುಕೊಟ್ಟರೂ ಅದನ್ನು ಬೇಯಿಸಿದ್ದು ಆ ಕೊಬ್ಬಿನಲ್ಲೇ ಆಗಿರಬಹುದು. ಶುದ್ಧ ಸಸ್ಯಾಹಾರಿಗಳು ಇದನ್ನು ಮೊದಲೇ ತಿಳಿದಿರಬೇಕು. ತಾಷ್ಕೆಂಟ್, ಸಮರ್ಕಂದ್‌ಗಳಲ್ಲಿ ಭಾರತೀಯ ಹೋಟೆಲುಗಳಿವೆ, ತಂಡಗಳ ರಾತ್ರಿಯೂಟ ಸಾಮಾನ್ಯವಾಗಿ ಅಲ್ಲೇ. ಬುಖಾರಾದಲ್ಲಿ ಆಯ್ಕೆ ಕಡಿಮೆ. ಆದರೂ ಹಸಿದಿರುವ ಪ್ರಮೇಯವಿಲ್ಲ. ತಂದೂರಿನಿಂದ ಆಗ ತೆಗೆದ ದುಂಡನೆಯ ರೊಟ್ಟಿ, ಟೊಮೆಟೊ ಈರುಳ್ಳಿಯ ಸಲಾಡ್, ಕುಂಬಳಕಾಯಿ ತುಂಬಿದ ಸಂಸಾ, ಗಟ್ಟಿ ಮೊಸರು, ಹಸಿರು ಚಹಾ ಎಲ್ಲೆಡೆಯೂ ಸಿಗುತ್ತವೆ. ಶರತ್ಕಾಲದ ಕರಬೂಜ, ದ್ರಾಕ್ಷಿ, ದಾಳಿಂಬೆಗೆ ಸಾಟಿಯಿಲ್ಲ. ರೊಟ್ಟಿಯನ್ನು ಅಲ್ಲಿ ಬಹಳ ಗೌರವದಿಂದ ಕಾಣುತ್ತಾರೆ, ಮಗುಚಿ ಇಡುವುದಿಲ್ಲ, ಎಸೆಯುವುದಿಲ್ಲ. ಮೇಜಿನ ಮೇಲೆ ನಾವೂ ಆ ಮರ್ಯಾದೆ ಉಳಿಸಿಕೊಳ್ಳಬೇಕು. ನಮ್ಮ ಕಡೆಯವರು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬರುತ್ತಾರೆ. ವಾರಗಟ್ಟಲೆ ಕೆಡುವುದಿಲ್ಲ, ಬಸ್ಸಿನಲ್ಲಿ ಹಂಚಿ ತಿನ್ನಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಉಪ್ಪಿನಕಾಯಿಯ ಎಣ್ಣೆ ಸೂಟ್‌ಕೇಸಿನಲ್ಲಿ ಸೋರದಂತೆ ಎರಡು ಪದರ ಕಟ್ಟಿ.

ಸಮರ್ಕಂದ್ ಕಣ್ಣು ತುಂಬುವ ಊರು, ಬುಖಾರಾ ಕಾಲು ಚಾಚಿ ಕೂರುವ ಊರು. ಅಫ್ರಾಸಿಯಾಬ್ ರೈಲು 2016ರಿಂದ ಅಲ್ಲಿಯವರೆಗೂ ಓಡುತ್ತಿದೆ. ಸ್ಮಾರಕಗಳು ಇಲ್ಲಿ ಒಂದಕ್ಕೊಂದು ದೂರವಿಲ್ಲ, ಊರೇ ಸ್ಮಾರಕ. 1127ರಲ್ಲಿ ಎತ್ತಿದ ಕಲ್ಯಾಣ್ ಮಿನಾರು ಸುಮಾರು 46 ಮೀಟರ್ ಎತ್ತರ, ಸುಟ್ಟ ಇಟ್ಟಿಗೆಯದು. ಇಟ್ಟಿಗೆಯನ್ನೇ ಹತ್ತಾರು ಬಗೆಯಲ್ಲಿ ಜೋಡಿಸಿ ಪಟ್ಟಿಪಟ್ಟಿಯಾಗಿ ಚಿತ್ತಾರ ಮಾಡಿದ್ದಾರೆ. 1220ರಲ್ಲಿ ಚಂಗೀಸ್ ಖಾನನ ಸೈನ್ಯ ಊರನ್ನು ಸುಟ್ಟರೂ ಇದು ಉಳಿಯಿತು. ಅದಕ್ಕಿಂತ ಹಳೆಯದು ಹತ್ತನೆಯ ಶತಮಾನದ ಸಾಮಾನಿ ಅರಸರ ಗೋರಿ, ಚಿಕ್ಕ ಚೌಕಾಕಾರದ ಕಟ್ಟಡ. ಬಣ್ಣವೇ ಇಲ್ಲದೆ ಬೆಳಕು ನೆರಳಿನಲ್ಲೇ ಅಲಂಕಾರ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಅದಕ್ಕೆ ಮಿಗಿಲಾದ ಕಟ್ಟಡವಿಲ್ಲ. ಬೆಳಗಿನ ಬಿಸಿಲಿನಲ್ಲೊಮ್ಮೆ, ಸಂಜೆಯಲ್ಲೊಮ್ಮೆ ನೋಡಬೇಕು.

ಸಂಜೆ ಎಲ್ಲರೂ ಸೇರುವುದು ಲ್ಯಾಬಿ ಹೌಜ್ ಬಳಿ. 1620ರಲ್ಲಿ ತೋಡಿದ ಕೊಳ, ನಮ್ಮ ಕಲ್ಯಾಣಿಗಳಂತೆ ಸುತ್ತ ಕಲ್ಲಿನ ಮೆಟ್ಟಿಲು, ದಡದಲ್ಲಿ ಮುದಿ ಹಿಪ್ಪುನೇರಳೆ ಮರಗಳು. ಹಿಂದೆ ಊರಿನಲ್ಲಿ ಇಂಥ ಕೊಳಗಳು ಬಹಳ ಇದ್ದವು. ಅದೇ ನೀರು ಕುಡಿದು ಜನ ನಾರುಹುಣ್ಣಿಗೆ ತುತ್ತಾಗುತ್ತಿದ್ದರಿಂದ ಸೋವಿಯತ್ ಸರ್ಕಾರ ಹೆಚ್ಚಿನವನ್ನು ಬತ್ತಿಸಿತು. ಉತ್ತರ ಕರ್ನಾಟಕದ ಬಾವಿಗಳ ನಾರುಹುಣ್ಣನ್ನು ಕಂಡ ತಲೆಮಾರಿನವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಕೊಳದ ಪಕ್ಕ ಕತ್ತೆಯ ಮೇಲೆ ಕುಳಿತ ಮುಲ್ಲಾ ನಸ್ರುದ್ದೀನನ ಪ್ರತಿಮೆಯಿದೆ, ಕನ್ನಡದ ಮಕ್ಕಳೂ ಬಲ್ಲ ಅದೇ ಮುಲ್ಲಾ. ಚಹಾ ತರಿಸಿಕೊಂಡು ಕುಳಿತರೆ ಪಕ್ಕದ ಮೇಜಿನ ಅಜ್ಜ "ಹಿಂದುಸ್ತಾನ್?" ಎಂದು ಕೇಳಿ ರಾಜ್ ಕಪೂರನ ಹೆಸರು ಹೇಳದೆ ಬಿಡುವುದಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಈ ಹೊತ್ತಿಗೆ ಹೆಸರಿರುವುದಿಲ್ಲ, 'ಸಂಜೆ ವಿರಾಮ' ಎಂದಿರುತ್ತದೆ. ಆ ವಿರಾಮ ಇಲ್ಲದ ಟೂರನ್ನು ಕೊಳ್ಳಬೇಡಿ. ಇಲ್ಲಿಯ ಹಳೆಯ ಪೇಟೆಯ ಹೋಟೆಲುಗಳು ಬಹುಪಾಲು ಹಿಂದಿನ ವ್ಯಾಪಾರಿಗಳ ಮನೆಗಳು; ಅಂಗಳ ಚೆಂದ, ಲಿಫ್ಟ್ ಇರುವುದಿಲ್ಲ. ಮೇಲಿನ ಕೋಣೆ ಬೇಡವೆಂದು ಬುಕ್ ಮಾಡುವಾಗಲೇ ಹೇಳಿ.

ಖೀವಾ ಬಲು ಸುಂದರ. ಅಲ್ಲಿಯ ಇಚಾನ್ ಕಲಾ ಎಂಬ ಒಳಕೋಟೆ 1990ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿತು, ಬುಖಾರಾ 1993ರಲ್ಲಿ, ಸಮರ್ಕಂದ್ 2001ರಲ್ಲಿ. ಆದರೆ ಬುಖಾರಾದಿಂದ ಖೀವಾಕ್ಕೆ ಮರಳುಗಾಡಿನಲ್ಲಿ ಬಸ್ಸಿನಲ್ಲಿ ಹೋದರೆ ಒಂದು ಹಗಲು ಪೂರಾ ಬೇಕು. ಒಂದು ವಾರದ ಪ್ರವಾಸದಲ್ಲಿ ಖೀವಾ ತುರುಕಿದ್ದರೆ ಉಳಿದೆರಡು ಊರುಗಳಿಂದ ಸಮಯ ಕದ್ದಿದ್ದಾರೆ ಎಂದೇ ಅರ್ಥ.

ತಾಷ್ಕೆಂಟ್ 1966ರ ಏಪ್ರಿಲ್ ಭೂಕಂಪದ ನಂತರ ಹೊಸದಾಗಿ ಕಟ್ಟಿದ ನಗರ. ಮೆಟ್ರೋ ನಿಲ್ದಾಣಗಳು ಅರಮನೆಯಂತಿವೆ, ಒಂದು ಗಂಟೆ ಅದರಲ್ಲೇ ಓಡಾಡಬಹುದು. ಫೋಟೋ ತೆಗೆಯಲು 2018ರಿಂದ ಅಡ್ಡಿಯಿಲ್ಲ. ಭೂಕಂಪಕ್ಕೆ ಮೂರು ತಿಂಗಳ ಮುಂಚೆ, ಜನವರಿ 10ರಂದು ಪಾಕಿಸ್ತಾನದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ, ರಾತ್ರಿ ಕಳೆಯುವುದರೊಳಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೊನೆಯುಸಿರೆಳೆದದ್ದು ಈ ಊರಿನಲ್ಲಿ. ಅವರ ಹೆಸರಿನ ರಸ್ತೆ, ಅವರ ಪ್ರತಿಮೆ ಇಲ್ಲಿವೆ. ಆಲಮಟ್ಟಿಯ ಜಲಾಶಯಕ್ಕೆ ಅವರದೇ ಹೆಸರು ಎನ್ನುವುದು ವಿಜಯಪುರ, ಬಾಗಲಕೋಟೆಯವರಿಗೆ ಗೊತ್ತು. ಕಾರ್ಯಕ್ರಮದಲ್ಲಿ ಇರಲಿ ಇಲ್ಲದಿರಲಿ, ನಾನು ಬಸ್ಸು ನಿಲ್ಲಿಸುತ್ತೇನೆ.

ಇನ್ನು ಕೆಲವು ಲೌಕಿಕದ ಮಾತು. ಹೋಗಲು ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಬೇಸಿಗೆ ನಡುವೆ ಬುಖಾರಾದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ, ಆಗ ಪ್ಯಾಕೇಜ್ ಅಗ್ಗವಾಗುವುದೂ ಅದಕ್ಕೇ. ಇ-ವೀಸಾದಲ್ಲಿ ಪಾಸ್‌ಪೋರ್ಟಿನ ಹೆಸರು ಅಕ್ಷರ ತಪ್ಪದೆ ಇರಬೇಕು. ರೈಲು ಟಿಕೆಟಿಗೂ ಪಾಸ್‌ಪೋರ್ಟ್ ಬೇಕು, ನಿಲ್ದಾಣದೊಳಗೆ ಬಿಡುವಾಗಲೂ ನೋಡುತ್ತಾರೆ. ನಿದ್ರೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳ ಬಗ್ಗೆ ಅಲ್ಲಿ ಕಟ್ಟುನಿಟ್ಟು, ವೈದ್ಯರ ಚೀಟಿಯಿಲ್ಲದೆ ಒಯ್ಯಬೇಡಿ. ನಾಣ್ಯದ ಹೆಸರು ಸೋಮ್, ಒಂದು ಡಾಲರಿಗೆ ಸಾವಿರಗಟ್ಟಲೆ ಬರುತ್ತದೆ, ಸೊನ್ನೆಗಳನ್ನು ನಿಧಾನವಾಗಿ ಎಣಿಸಿ. ಹೊಸ, ಮಡಿಕೆಯಿಲ್ಲದ ಡಾಲರ್ ನೋಟು ಒಯ್ದರೆ ಬದಲಾಯಿಸುವುದು ಸುಲಭ. ಶೌಚಾಲಯಕ್ಕೆ ಚಿಲ್ಲರೆ ಜೇಬಿನಲ್ಲಿರಲಿ. ಮಸೀದಿ, ಗೋರಿಗಳಿಗೆ ಹೋಗುವಾಗ ಹೆಂಗಸರ ಬಳಿ ತಲೆಗೊಂದು ದುಪಟ್ಟಾ ಇರಲಿ.

ಮುಂಗಡ ಕೊಡುವ ಮುಂಚೆ ಕಾರ್ಯಕ್ರಮ ಪಟ್ಟಿಯನ್ನು ಬೆರಳಿಟ್ಟು ಓದಿ. 'ಒಳಗಿನ ಭೇಟಿ' ಎಂದಿದ್ದರೆ ಟಿಕೆಟ್ ಸೇರಿದೆ, 'ಹೊರಗಿನಿಂದ ನೋಟ' ಎಂದಿದ್ದರೆ ಬಸ್ಸು ಐದು ನಿಮಿಷ ನಿಲ್ಲುತ್ತದೆ. ಒಬ್ಬರೇ ಹೋಗುವವರಿಗೆ ಕೋಣೆಯ ಹೆಚ್ಚುವರಿ ದರ ಎಷ್ಟು, ಚಾಲಕ ಮತ್ತು ಗೈಡಿನ ಟಿಪ್ಸ್ ಸೇರಿದೆಯೇ, ಜಿಎಸ್‌ಟಿ ಸೇರಿಸಿ ಒಟ್ಟು ಮೊತ್ತ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ. ಟಿಸಿಎಸ್ ಎಂದು ಹಿಡಿಯುವ ತೆರಿಗೆಯನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಅದರ ರಸೀದಿ ಜೋಪಾನ ಮಾಡಿ.

ಮರಳಿ ಬರುವಾಗ ಕಂಪನಿಯವರು ಅಭಿಪ್ರಾಯದ ಹಾಳೆ ಕೊಡುತ್ತಾರೆ. ಹೆಚ್ಚಿನವರು ಅದರಲ್ಲಿ ಹೋಟೆಲಿನ ಹಾಸಿಗೆ, ಸಾಂಬಾರಿನ ರುಚಿ, ಬಸ್ಸಿನ ಎಸಿ ಬಗ್ಗೆ ಬರೆಯುತ್ತಾರೆ. ಆ ಹಾಳೆಗಳನ್ನು ಓದಿಯೇ ಮುಂದಿನ ವರ್ಷದ ಕಾರ್ಯಕ್ರಮ ತಯಾರಾಗುತ್ತದೆ. ಸಾಂಬಾರು ಸುಧಾರಿಸುತ್ತದೆ, ಸಮರ್ಕಂದ್‌ಗೆ ಸಿಗುವ ಗಂಟೆಗಳು ಇದ್ದಷ್ಟೇ ಇರುತ್ತವೆ. ದಯವಿಟ್ಟು ಅದರಲ್ಲಿ ಒಂದು ಸಾಲು ಸೇರಿಸಿ: ಯಾವ ಜಾಗದಲ್ಲಿ ನಿಮಗೆ ಸಮಯ ಸಾಲಲಿಲ್ಲ, ಯಾವ ಅಂಗಡಿ ಬೇಡವಾಗಿತ್ತು ಎಂದು ಹೆಸರು ಹಿಡಿದು ಬರೆಯಿರಿ. ಹತ್ತು ತಂಡಗಳು ಹಾಗೆ ಬರೆದರೆ ಹನ್ನೊಂದನೆಯ ತಂಡ ರೆಗಿಸ್ತಾನಿನ ಮೆಟ್ಟಿಲ ಮೇಲೆ ಇನ್ನೊಂದು ತಾಸು ಕೂರುತ್ತದೆ.